ಉಂಡು ಮಲಗಿದ ಮೇಲೆ

ನಮ್ಮ ಪೇಟೆಯ ಠಾಣೆಗೆ ಮೊದಲು ಇನ್ಸ್‌ಪೆಕ್ಟರ್ ಸಾಹೇಬರ ಮೀಸೆ ಬರುತ್ತಿತ್ತು, ಆಮೇಲೆ ಸಾಹೇಬರು. ಅಂಥವರ ಮುಂದೆ ನಾಗವೇಣಿ, ಗಂಡ ಹೊಡೆದು ಊದಿಸಿದ ಕೈ ಹಿಡಿದುಕೊಂಡು ನಿಂತಿದ್ದಳು. ಜೊತೆಗೆ ಪಕ್ಕದ ಮನೆಯ, ಇಡ್ಲಿ ಮಾರುವ ಪುಟ್ಟತಾಯಿ.

“ದೂರು ಗೀರು ಬೇಡ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಮನೆಗೆ ಹೋಗಮ್ಮ,” ಎಂದರು ಸಾಹೇಬರು.

“ದೊಡ್ಡವರ ಮಾತು ದಿಟ,” ಎಂದು ಹೊರಗೆ ಹೋದ ಪುಟ್ಟತಾಯಿ ಚಾಪೆ, ದಿಂಬು, ಮುದ್ದೆ, ಸೊಪ್ಪಿನ ಸಾರು ಹೊತ್ತು ಬಂದಳು. ಸಾಹೇಬರ ಮೇಜಿನ ಮುಂದೆಯೇ ನಾಗವೇಣಿಗೆ ತುತ್ತು ಮುರಿದು ಉಣಿಸಿದಳು. ಚಾಪೆ ಹಾಸಿ ಮಲಗಿಸಿದಳು.

“ಏಯ್, ಇದೇನು ಛತ್ರವಾ?”

“ಮೆಲ್ಲಗೆ ಸಾಹೇಬ್ರೇ, ಹುಡುಗಿ ಮಲಗವ್ಳೆ. ಮನೇಲಿ ಅವನು ಉಣ್ಣೋಕೂ ಬಿಡಲ್ಲ, ಮಲಗೋಕೂ ಬಿಡಲ್ಲ. ನಿಮ್ಮ ಕಾವಲಲ್ಲಾದ್ರೂ ಆಗ್ಲಿ ಅಂತ.”

ನಾಗವೇಣಿಯ ಗೊರಕೆಗೆ ಲಾಕಪ್ಪಿನ ಕಳ್ಳನೂ ಆಕಳಿಸಿದನಂತೆ. ಅವಳು ಎದ್ದದ್ದೇ ಪುಟ್ಟತಾಯಿ ಅವಳ ಕೈಯನ್ನು ಮೇಜಿನ ಮೇಲಿಟ್ಟಳು.

“ಉಂಡಾಯ್ತು, ಮಲಗಿದ್ದೂ ಆಯ್ತು. ಊತ ಮಾತ್ರ ಇಳಿದಿಲ್ಲ. ಗಾದೆ ಜಗಳಕ್ಕೆ ಸಾಹೇಬ್ರೇ, ಇದು ಏಟು. ಬರ್ಕೊಳ್ಳಿ.”

ಬಾಗಿಲಲ್ಲಿ ನೆರೆದಿದ್ದವರು ಕಿಸಕ್ಕೆಂದರು. ಸಾಹೇಬರು ಬೆವರೊರೆಸಿಕೊಂಡು ಪೆನ್ನು ತಡಕಾಡಿದರು.

“ಬರೀತೀನಿ ತಾಯಿ, ಮೊದಲು ಆ ಚಾಪೆ ಮಡಚು!”

“ದೂರಿನ ನಕಲು ಅವಳ ಕೈಗೆ ಬರ್ಲಿ, ಮಡಚ್ತೀನಿ.”