ಬೇರಿಲ್ಲದ ಹೊಲ

ಜಾಲಿಗಟ್ಟಿಯಲ್ಲಿ ಬಸ್ಸಿಳಿದು ಬಲಕ್ಕೆ ತಿರುಗಿದರೆ ದೊಡ್ಡದೊಂದು ಬೀಳು ಬಯಲು ಕಾಣುತ್ತದೆ. ಮೈತುಂಬ ಜಾಲಿ, ಕರಿಕೆ. ನಡುವೆ ಬೀಳು ಭೂಮಿ ಹಸನು ಮಾಡುವ ಯೋಜನೆಯ ಬೋರ್ಡು. ಬೋರ್ಡಿಗೆ ಎರಡು ಸಲ ಬಣ್ಣ ಬಳಿದಿದ್ದಾರೆ, ನೆಲಕ್ಕೆ ಒಂದು ಸಲವೂ ನೇಗಿಲು ತಾಗಿಲ್ಲ. ಕಾಗದದಲ್ಲಿ ಇದು 'ಗೌಡರ ಮಾನ್ಯ'. ಆದರೆ ಬಸ್ಸಿನ ಕಂಡಕ್ಟರನೂ ಕೂಗುವುದು 'ಬೇರಿಲ್ಲದ ಹೊಲ' ಎಂದೇ.

ಹಿಂದೆ ಒಮ್ಮೆ, ಸಂಸ್ಥಾನದ ಕಾಲದಲ್ಲಿ, ಬೀಳು ಬಿದ್ದ ನೆಲವನ್ನು ಹಸನು ಮಾಡುವವರಿಗೆ ಅರಮನೆಯಿಂದ ಎತ್ತು, ಬೀಜ; ಬೆಳೆ ನಿಂತರೆ ಹೊಲವೇ ಅವರದು ಎಂದು ಡಂಗುರ ಸಾರಿದರಂತೆ. ಊರಿನ ಪಾಲಿನ ಎತ್ತು ಬೀಜವನ್ನೆಲ್ಲ ಮುದಿಗೌಡ ಇಳಿಸಿಕೊಂಡ. ಬೀಜ ಅವನ ಮನೆಯಲ್ಲೇ ರೊಟ್ಟಿಯಾಯಿತು. ಎತ್ತು ಸಂತೆಗೆ ಹೋಗಿ ಆಚೆ ಊರಿನ ಯಾವಳ ಕಾಲಿಗೆ ಗೆಜ್ಜೆಯಾದವು ಎಂಬುದು ಗೌಡ್ತಿಗೂ ಗೊತ್ತಿತ್ತು, ಪಾಪ. ಗಂಡ ಸತ್ತ ಸಂಕವ್ವನ ಪಾಲಿಗೆ ಬಂದದ್ದು ಬರಿಗೈ. ಆದರೂ ಬಯಲಿನ ಅಂಚಿನ ತುಂಡು ನೆಲ ತನ್ನದಾದೀತೆಂಬ ಆಸೆಗೆ ಅವಳು ಎರಡು ಬೇಸಿಗೆ ಕುಕ್ಕರಗಾಲಲ್ಲಿ ಕೂತು, ಮೊಳದಾಳದ ಕರಿಕೆ ಬೇರನ್ನು ಗುದ್ದಲಿಯಿಂದ ಅಗೆದು ತೆಗೆದಳು. ಉಗುರು ಕಿತ್ತುಬಂದವು ಎನ್ನುತ್ತಾರೆ. ಮೂರನೆಯ ವರ್ಷ ಎದೆಯುದ್ದ ಜೋಳ ನಿಂತಿತು.

ಬೆಳೆ ನೋಡಲು ಅಮಲ್ದಾರ ಬರುವ ಸುದ್ದಿ ಬಂದಾಗ ಸಂಕವ್ವ ಮಗಳ ಬಾಣಂತನಕ್ಕೆ ಹೋಗಿದ್ದಳು. ಗೌಡನ ಆಳುಗಳು ಹಾಡಹಗಲೇ ಅವಳ ಜೋಳವನ್ನು ಬುಡಕ್ಕೆ ಕೊಯ್ದು, ಗೌಡನ ಕಣ್ಣಿದ್ದ ದೊಡ್ಡ ಬೀಳಿನಲ್ಲಿ ಸಾಲಾಗಿ ನೆಟ್ಟರು. ಊರೆಲ್ಲ ನೋಡಿತು, ಊರೆಲ್ಲ ಬಾಯಿ ಹೊಲಿದುಕೊಂಡಿತು. ಮರುದಿನ ಸಂಕವ್ವ ಬಂದು ಕೊಯ್ದುಳಿದ ಕೂಳೆ ನೋಡಿದಳು. ಅಳಲಿಲ್ಲ. ಎದೆಯೊಳಗೆ ಬೆಂಕಿ ಬಿದ್ದಿತ್ತು, ನೀರು ಎಲ್ಲಿಂದ ಬರಬೇಕು?

ಗೌಡ ಎಡವಿದ್ದು ತನ್ನ ಬಡಿವಾರದಿಂದಲೇ. ಅಮಲ್ದಾರ ಬರುವ ದಿನವೇ ಎಳ್ಳಮಾವಾಸ್ಯೆ. ಬೆಳೆದ ಹೊಲದಲ್ಲೇ ಊಟ ಎಂದು ಅಮಲ್ದಾರನನ್ನು ಅಲ್ಲಿಗೇ ಕರೆಸಿದ. ಆದರೆ ಅಂದು ಐದು ಕಲ್ಲಿಟ್ಟು, ಅದರ ಸುತ್ತ ನಿಂತ ಜೋಳದ ತುದಿಗಳನ್ನು ಬಗ್ಗಿಸಿ ಗುಡಿಸಲಿನಂತೆ ಕೊಂಪೆ ಕಟ್ಟಿ, ಪೂಜೆ ಮಾಡಿ, ಎಡೆಯ ಅನ್ನವನ್ನು ಹೊಲದ ತುಂಬ ಚರಗವಾಗಿ ಚೆಲ್ಲದೆ ಯಾರೂ ತುತ್ತು ಮುಟ್ಟುವಂತಿಲ್ಲ. ಕಟ್ಟಬೇಕಾದವಳು ಹೊಲದ ಒಡತಿ. ಗೌಡ ಅದನ್ನು ಮರೆತೇಬಿಟ್ಟಿದ್ದ. ಸಂಕವ್ವ ಬದುವಿನ ಮೇಲೆ ಬಂದು ನಿಂತಳು.

"ಗೌಡ್ತೆವ್ವಾ, ಕೊಂಪಿ ಕಟ್ಟದ ಉಣಾಕ ಕೂಡಸ್ತೀರೇನು? ಕಟ್ರಿ, ನೋಡೂನು."

ಗೌಡ್ತಿ ಒಂದು ದಂಟು ಬಗ್ಗಿಸಿದಳು. ಬುಡಸಮೇತ ಕೈಗೆ ಬಂತು. ಇನ್ನೊಂದು, ಅದೂ ಬಂತು. ಕುಡುಗೋಲಿನ ಗಾಯ ಎಲ್ಲರ ಕಣ್ಣಿಗೂ ಬಿತ್ತು. ಅಮಲ್ದಾರನಿಗೂ ಬಿತ್ತು. ಅವನೋ, ಬೆರಳಿನ ಹೊಸ ಉಂಗುರ ತಿರುವುತ್ತ, "ಎಳೇ ಬೆಳೆ, ಹಂಗ ಇರತೈತಿ. ಹೋಳಿಗಿಗೆ ತುಪ್ಪ ಹಾಕ್ರಿ" ಅಂದನಂತೆ. ಅವನ ನಾಲಿಗೆಗೆ ಹುಳ ಬೀಳಲಿ. ಬಯಲನ್ನು ಗೌಡನಿಗೆ ಬರೆದ, ಸಂಕವ್ವನದು ಬೀಳೆಂದು ಬರೆದ.

"ಧಣ್ಯಾರ, ಹೊಲ ಯಾರಿಗರ ಬರಕೊಡ್ರಿ" ಅಂದಳು ಸಂಕವ್ವ. "ಅದಕ್ಕ ಹೆಸರು ನಾ ಇಡ್ತೀನಿ. ಬೇರಿಲ್ಲದ ಹೊಲ."

ಬಾಯಿ ಹೊಲಿದುಕೊಂಡಿದ್ದ ಊರು ಆಗ ನಕ್ಕಿತು. ಆಮೇಲೆ ಆ ಬಯಲಿಗೆ ಒಬ್ಬ ಕೂಲಿಯೂ ಕಾಲಿಡಲಿಲ್ಲ. ಸಂಕವ್ವನ ಕೂಳೆ ಮಾತ್ರ ಮತ್ತೆ ಚಿಗುರಿತು. ಅವಳನ್ನು ಅಲ್ಲಿಂದ ಎಬ್ಬಿಸಲು ಬಂದ ಗೌಡನ ಆಳುಗಳಿಗೆ, "ಇದಕ್ಕ ಬೇರು ಐತಿ, ನೋಡಿ ಕೀಳ್ರಪ್ಪಾ" ಅಂದಳಂತೆ. ಅವರು ಬಂದ ದಾರಿ ಹಿಡಿದರು.

ಈಗಲೂ ಬಯಲಿನ ಅಂಚಿಗೆ ಅಂಗೈಯಗಲದ ಕರಿ ಹೊಲವೊಂದು ಕಾಣುತ್ತದೆ, ಅದರಲ್ಲಿ ಐದು ಕಲ್ಲು. ಆ ಹೊಲಕ್ಕೆ ಇವತ್ತಿಗೂ ಕಾಗದವಿಲ್ಲ. ಜೋಳ ಮಾತ್ರ ತಪ್ಪಿಲ್ಲ. ಎಳ್ಳಮಾವಾಸ್ಯೆಗೆ ಬಂದವರು ನೋಡಬಹುದು: ಈ ಊರಿನ ಹೆಂಗಸರು ಕೊಂಪೆ ಕಟ್ಟುವ ಮೊದಲು ಪ್ರತಿ ದಂಟನ್ನೂ ಒಮ್ಮೆ ಜಗ್ಗುತ್ತಾರೆ. ಜಗ್ಗುವಾಗ ಕಣ್ಣು ಮಾತ್ರ ಗೌಡರ ಮನೆಯ ಕಡೆಗಿರುತ್ತದೆ.