ಕೆರೆಗೆ ಹೊರಟ ದಾರಿ

ಬೋರೇಗೌಡರಿಗೆ ತಮ್ಮ ಹೊಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನೂ ಸೈಟು ಮಾಡಿ ಮಾರುವ ಆಸೆ ಹತ್ತಿತು. ಆ ಜಾಗವನ್ನೂ ಅಲ್ಲಿನ ಆಲದಮರ, ಕಾಲುದಾರಿಯನ್ನೂ ಅವರು ನೋಡಿದ್ದು ನಕ್ಷೆಯಲ್ಲಿ ಮಾತ್ರ.

"ನಾಳೆ ಆಲದಮರ ಕಡಿಸು, ಕಾಲುದಾರಿ ಮುಚ್ಚಿಸು!" ಎಂದು ವಾಚ್‌ಮನ್ ಮೇಲೆ ಗುಡುಗಿದರು.

"ಆಗ್ಲಿ ಬುದ್ಧಿ. ಆ ಸೈಟಲ್ಲಿ ಕಟ್ಟೋ ಮನೆ ಬಾಗಿಲು ಎಲ್ಲಿ ಬರುತ್ತೆ, ಒಸಿ ನಿಂತು ತೋರಿಸಿ."

ಗೌಡರು ಬಂದು ಮರದಡಿ ನಿಂತರು. ಪಕ್ಕದೂರಿನಿಂದ ಬರುವ ಆ ಕಾಲುದಾರಿ ನೆಟ್ಟಗೆ ಬಂದು ಅವರ ಎದೆಗೇ ಗುರಿಯಿಟ್ಟಿತ್ತು.

"ಇಲ್ಲಿ ಮುಚ್ಚಿದ್ರೂ ಆಚೆಯಿಂದ ದಾರಿ ಬಂದು ಬಾಗಿಲಿಗೆ ಗುದ್ದೋ ಸೈಟು ಯಾರು ತಗೋತಾರೆ ಬುದ್ಧಿ? ಎಲ್ರೂ ವಾಸ್ತು ನೋಡೋರೇ. ಅದು ಕೆರೆಗೆ ಹೊರಟಿರೋ ದಾರಿ. ಬಿಟ್ರೆ ಅದರ ಪಾಡಿಗೆ ಹೋಗುತ್ತೆ."

ಗೌಡರು ಸಿಟ್ಟಿನಿಂದ ಹಿಂದೆ ತಿರುಗಿದರು. ಬಿಳಲುಗಳ ನಡುವೆ ದಾರಿ ಇಳಿದ ಕಡೆ ಇಡೀ ಕೆರೆ ಹೊಳೆಯುತ್ತಿತ್ತು. ಮರದ ತುಂಬ ಹಕ್ಕಿಗಳು. ತಮಗೇ ತಿಳಿಯದಂತೆ ಚಪ್ಪಲಿ ಬಿಟ್ಟರು.

"ಇದೆಲ್ಲಾ ನಂದೇನಯ್ಯಾ?"

"ಮಾರೋವರ್ಗೂ ನಿಮ್ದೇ, ಬುದ್ಧಿ."