ಮನ್ನಿಸುವ ಕೋಲು

ಪುಟ್ಟಮಾದಯ್ಯ ಗಾಲ್ಫ್ ಕಲಿಸುವ ಗುರು. ಆಳು ಆರಡಿ. ಶಿಷ್ಯೆ ಪ್ರಫುಲ್ಲ ಗುರುಗಳ ಭುಜಕ್ಕೂ ಬರುವುದಿಲ್ಲ.

ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ ಗುರುಗಳು ತಮ್ಮ ಹಳೆಯ ಗಾಲ್ಫ್ ಕೋಲನ್ನು ಅವಳಿಗೆ ಕೊಟ್ಟಿದ್ದರು. ದಿನವೂ ಅದನ್ನು ಕಣ್ಣಿಗೊತ್ತಿಕೊಂಡೇ ಅವಳು ಆಟಕ್ಕಿಳಿಯುತ್ತಿದ್ದಳು. ಚೆಂಡು ಮಾತ್ರ ದಿನವೂ ಎಡಕ್ಕೆ ಹೋಗುತ್ತಿತ್ತು.

ರಾಜ್ಯ ತಂಡದ ಆಯ್ಕೆಗೆ ಇನ್ನು ಎಂಟು ದಿನ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಹೆದರಿಕೆಗೆ ಊಟವೂ ಸೇರುತ್ತಿರಲಿಲ್ಲ.

“ಕೈ ತಿರುಚ್ತಿದ್ದೀಯ,” ಎಂದರು ಗುರುಗಳು.

ಕೈ ಬಿಗಿಮಾಡಿ ಹೊಡೆದಳು. ಚೆಂಡು ಎಡಗಡೆಯ ಪೊದೆಗೆ ಬಿತ್ತು.

“ಗುರುಗಳೇ, ಉಳಿದವರೆಲ್ಲ ಮನ್ನಿಸೋ ಕೋಲು ತಗೊಂಡಿದ್ದಾರೆ.”

ಅಗಲ ತಲೆಯ, ತೂಕವನ್ನೆಲ್ಲ ಅಂಚಿಗೆ ಹಂಚಿದ ಹೊಸ ಕೋಲಿಗೆ ಅಲ್ಲಿನವರು ಇಟ್ಟ ಹೆಸರು ಅದು. ಏಟು ನಡುವಿಗೆ ಬೀಳದಿದ್ದರೂ ಚೆಂಡು ಅಷ್ಟಾಗಿ ದಾರಿ ತಪ್ಪುವುದಿಲ್ಲ.

“ಅವು ಸೋಮಾರಿಗಳಿಗೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

ಪ್ರಫುಲ್ಲಳ ಮುಖ ಸಣ್ಣದಾಯಿತು.

“ನಿಮ್ಮ ಕೋಲನ್ನ ನಾನು ಯಾವತ್ತೂ ಅನುಮಾನಿಸಿಲ್ಲ ಗುರುಗಳೇ. ನನ್ನ ಕೈಯನ್ನೇ ಬೈಕೊಂಡಿದ್ದೀನಿ. ಈಗ ಕೋಲು ಮುಟ್ಟೋಕೇ ಹೆದರಿಕೆ.”

ಗುರುಗಳು ಅವಳ ಕೈಯಿಂದ ಕೋಲನ್ನು ತೆಗೆದುಕೊಂಡರು.

ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಕೋಲಿನ ತಲೆಯ ಅಡಿಗೆ ಉದ್ದಕ್ಕೂ ಸವರಿದರು. ನೆಲದ ಮೇಲೆ ಒಂದು ಹಲಗೆ ಹಾಕಿದರು.

“ಇದಕ್ಕೆ ತಾಗೋ ಹಾಗೆ ಬೀಸು.”

ಬೀಸಿದಳು. ಗುರುಗಳು ಕೋಲನ್ನು ಮಗುಚಿ ನೋಡಿದರು. ಸುಣ್ಣ ಅಳಿಸಿದ್ದು ಅವಳ ಕಾಲಿನ ಕಡೆಯ ಅಂಚಿನಲ್ಲಿ ಮಾತ್ರ. ಆಚೆ ತುದಿಯಲ್ಲಿ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು.

“ಅಂದ್ರೇನು ಗುರುಗಳೇ?”

“ಇದು ನನ್ನ ಎತ್ತರಕ್ಕೆ ಕತ್ತು ಬಗ್ಗಿಸಿದ ಕೋಲು. ನೀನು ಹಿಡಿದ್ರೆ ಆಚೆ ತುದಿ ಮೇಲೇಳ್ತದೆ, ಕೋಲಿನ ಮುಖ ಎಡಕ್ಕೆ ತಿರುಗ್ತದೆ. ಚೆಂಡೂ ಎಡಕ್ಕೇ ಹೋಗ್ತದೆ.”

“ಹಾಗಾದ್ರೆ ನನ್ನ ಕೈ?”

“ಕೈ ಚೆನ್ನಾಗೇ ಇತ್ತು. ನೆಲವೇ ಡೊಂಕು.”

ಒಳಗೆ ಹೋಗಿ, ಮೂಲೆಯಲ್ಲಿ ಧೂಳು ಹಿಡಿದಿದ್ದ, ಅವಳ ಎತ್ತರಕ್ಕೆ ಹೊಂದುವ ಅಗಲ ತಲೆಯ ಗಿಡ್ಡ ಕೋಲೊಂದನ್ನು ತಂದು ಅವಳ ಕೈಗಿಟ್ಟರು.

“ಇದು ಸೋಮಾರಿಗಳದ್ದು ಅಂತಿದ್ರಿ.”

“ಅಂತಿದ್ದೆ.”

ಅವಳು ಕಾಲಿಗೆರಗಲು ಬಗ್ಗಿದಳು. ಗುರುಗಳು ಹಿಂದೆ ಸರಿದರು.

“ನಿನ್ನ ಏಟು ತಪ್ಪಿದ್ರೆ ಈ ಕೋಲು ಮನ್ನಿಸ್ತದೆ. ನನ್ನ ತಪ್ಪನ್ನ ನೀನೇ ಮನ್ನಿಸಬೇಕು ಕಣವ್ವ.”